ಮಲೆನಾಡಿನವರಿಗೂ ಸ್ಕರ್ವಿ ಬರುತ್ತಾ? ವಿಟಮಿನ್ ಸಿ ಮಾತ್ರೆ 500 ತಗೊಳ್ಳೋದಾ, 1000 ತಗೊಳ್ಳೋದಾ?

ಬರುತ್ತದೆ. ಸ್ಕರ್ವಿ ಅಂದರೆ ವಿಟಮಿನ್ ಸಿ ಸಾಲದೆ ಬರುವ ಕಾಯಿಲೆ. ನನಗೇ ಬಂದಿತ್ತು, ಅದೂ ತೀರ್ಥಹಳ್ಳಿ ಕಡೆಯವನಿಗೆ. ಹಲ್ಲುಜ್ಜುವಾಗ ರಕ್ತ, ಪೆಟ್ಟೇ ಆಗದೆ ಕಾಲಲ್ಲಿ ನೀಲಿ ಕಲೆ, ಮೆಟ್ಟಿಲು ಹತ್ತಿದರೆ ಸುಸ್ತು, ಶಿವಮೊಗ್ಗದಲ್ಲಿ ರೂಮ್ ಮಾಡಿಕೊಂಡು ಒಬ್ಬರೇ ಅಡುಗೆ. ನೀವು ಬರೆದದ್ದರಲ್ಲಿ ಒಂದಕ್ಷರ ಬದಲಿಸದೆ ಕೆಳಗೆ ನನ್ನ ಹೆಸರು ಹಾಕಬಹುದಿತ್ತು. ಮಾತ್ರೆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನಾಗ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ, ವಿನೋಬನಗರದಲ್ಲಿ ರೂಮು. ಮಾಲು ಬರುವ ಕಾಲದಲ್ಲಿ ಊಟಕ್ಕೆ ಹೊತ್ತುಗೊತ್ತು ಇರುತ್ತಿರಲಿಲ್ಲ. ಹೋಟೆಲ್ ಊಟ, ಅದರ ಮೇಲೆ ಕಾಫಿ, ಕಾಫಿ ಮೇಲೆ ಕವಳ (ಎಲೆ-ಅಡಿಕೆ). ಹೊಟ್ಟೆಯಲ್ಲಿ ಉರಿ ಶುರುವಾಯಿತು. ತೋರಿಸಿದಾಗ ಗ್ಯಾಸ್ಟ್ರಿಕ್ ಅಂದರು, ಸ್ವಲ್ಪ ದಿನ ಹುಳಿ-ಖಾರ ಕಡಿಮೆ ಮಾಡಿ ಅಂದರು. ಆ 'ಸ್ವಲ್ಪ ದಿನ' ನನ್ನ ಕಿವಿಗೆ ಬೀಳಲೇ ಇಲ್ಲ. ನಿಂಬೆ ಬಿಟ್ಟೆ, ಟೊಮೆಟೊ ಬಿಟ್ಟೆ, ಹಸಿಮೆಣಸು ಬಿಟ್ಟೆ. ಹುಳಿತೇಗು ಬರುತ್ತದೆ ಅಂತ ಹಣ್ಣನ್ನೂ ಬಿಟ್ಟೆ. ಹೋಟೆಲ್ ಬಿಟ್ಟು ರೂಮಿನಲ್ಲೇ ಅಡುಗೆ ಶುರು ಮಾಡಿದೆ. ಬೆಳಗ್ಗೆ ಗಂಜಿ-ತುಪ್ಪ, ಮಧ್ಯಾಹ್ನ ಡಬ್ಬಿಯಲ್ಲಿ ಮೊಸರನ್ನ, ರಾತ್ರಿ ಮತ್ತೆ ಗಂಜಿ, ಇಲ್ಲದಿದ್ದರೆ ಹಾಲು-ಅವಲಕ್ಕಿ. ಹೊಟ್ಟೆ ತಣ್ಣಗಾಯಿತು. ಆ ಖುಷಿಯಲ್ಲಿ ತಿಂಗಳುಗಟ್ಟಲೆ ಹಾಗೇ ನಡೆಸಿದೆ.

ಮೊದಲು ಬಂದದ್ದು ರಕ್ತ ಅಲ್ಲ, ಸಿಟ್ಟು. ಯಾರು ಮಾತಾಡಿಸಿದರೂ ಕಿರಿಕಿರಿ. ಆಮೇಲೆ ಕಾಲುನೋವು, ಯಾವ ಕೆಲಸಕ್ಕೂ ಮನಸ್ಸಿಲ್ಲ. ವಸಡಿನಲ್ಲಿ ರಕ್ತ ಯಾವಾಗ ಶುರುವಾಯಿತು ಅಂತ ನನಗೆ ಗೊತ್ತೇ ಇಲ್ಲ, ಯಾಕೆಂದರೆ ಕವಳ ಹಾಕುವವನ ಉಗುಳು ಯಾವಾಗಲೂ ಕೆಂಪು. ಬೇಸಿನ್‌ನಲ್ಲಿ ಕೆಂಪು ಕಂಡರೆ ಎಲೆ-ಅಡಿಕೆ ಅಂದುಕೊಂಡು ನೀರು ಬಿಟ್ಟು ಹೋಗುತ್ತಿದ್ದೆ. ನೀವೂ ಹಾಕುವವರಾದರೆ ನಾಲ್ಕು ದಿನ ಬಿಟ್ಟು ನೋಡಿ, ಆಗ ಗೊತ್ತಾಗುತ್ತದೆ.

ಕಾಲಲ್ಲಿ ಕಲೆ ಕಂಡಾಗ ಮಂಡಿಯಲ್ಲಿ ಒಬ್ಬರು ಮಂಗನ ಕಾಯಿಲೆ ಇರಬಹುದು ಅಂತ ಹೆದರಿಸಿದರು. ನಮ್ಮ ಕಡೆ ಆ ಹೆದರಿಕೆ ಸಹಜ. 1957ರಲ್ಲಿ ಆ ಕಾಯಿಲೆ ಪತ್ತೆಯಾದ ಕ್ಯಾಸನೂರು ನಮ್ಮ ಸೊರಬ ತಾಲ್ಲೂಕಿನದೇ, ಅದರಲ್ಲೂ ಮೂಗು-ವಸಡಿನಿಂದ ರಕ್ತ ಬರಬಹುದು. ಆದರೆ ಅದಕ್ಕೆ ದಿಢೀರನೆ ಜೋರು ಜ್ವರ ಬರುತ್ತದೆ. ನನಗೆ ಜ್ವರವೇ ಇರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಸರಿಯಾಗಿತ್ತು, ಹಿಮೋಗ್ಲೋಬಿನ್ ಮಾತ್ರ ಕಡಿಮೆ. ಐರನ್ ಮಾತ್ರೆ ಕೊಟ್ಟು ಕಳಿಸಿದರು.

ಇನ್ನು ನಾನು ಮಾಡಿದ ಎಡವಟ್ಟು. ಹುಳಿ ಬಿಟ್ಟದ್ದನ್ನು ನಾನು ಎಡವಟ್ಟು ಅನ್ನುವುದಿಲ್ಲ, ಹೊಟ್ಟೆ ಉರಿಯುವಾಗ ಯಾರಾದರೂ ಬಿಡುತ್ತಾರೆ. ತೋರಿಸಿದ ಕಡೆಯೆಲ್ಲ "ಊಟ ಹೇಗೆ?" ಅಂತ ಕೇಳಿದರು, ಎಲ್ಲರಿಗೂ ನಾನು ಒಂದೇ ಉತ್ತರ ಕೊಟ್ಟೆ: "ಮನೆ ಊಟಾನೇ ಸಾರ್." ಅಲ್ಲಿಗೆ ಆ ವಿಷಯ ಮುಗಿಯುತ್ತಿತ್ತು. ನಮ್ಮಲ್ಲಿ ಮನೆ ಊಟ ಅಂದರೆ ಯಾವ ಡಾಕ್ಟರೂ ಮುಂದೆ ಕೇಳುವುದಿಲ್ಲ. ನಾನು ಸುಳ್ಳು ಹೇಳಿದ್ದೂ ಅಲ್ಲ, ನಿಜವಾಗಿ ನಂಬಿದ್ದೆ. ಅಕ್ಕಿ ಮನೆಯದು, ತುಪ್ಪ ಮನೆಯದು. ಗಂಜಿಗೆ ನಂಚಿಕೊಳ್ಳಲು ಅಮ್ಮ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ, ಒಂದು ಸಲಕ್ಕೆ ಅರ್ಧ ಮಿಡಿ. ಹೊಟ್ಟೆ ಸರಿಯಾದ ಮೇಲೆ ಅಪರೂಪಕ್ಕೆ ಸಾರು ಮಾಡಿದರೆ ಅದಕ್ಕೂ ಅಮ್ಮನ ಬಾಟಲಿಯ ಹುಳಿ. ನಿಂಬೆರಸವನ್ನು ಗಂಟೆಗಟ್ಟಲೆ ಒಲೆಯ ಮೇಲೆ ಬತ್ತಿಸಿ, ಕಪ್ಪಗೆ ಮಂದ ಮಾಡಿ ಬಾಟಲಿಗೆ ತುಂಬಿ ಕೊಡುತ್ತಿದ್ದಳು. ಚಮಚದ ತುದಿಯಷ್ಟು ಸಾಕು, ಹಲ್ಲು ಚುಳ್ಳೆನ್ನುವ ಹುಳಿ. ಒಬ್ಬ ಗೆಳೆಯ ವಿಟಮಿನ್ ಸಿ ಕೊರತೆ ಇರಬಹುದೇನೋ ಅಂದಾಗ ನಾನು ಆ ಬಾಟಲಿ ತೋರಿಸಿ ನಕ್ಕಿದ್ದೆ. ನಿಂಬೆಯ ಸಾರವೇ ಇಲ್ಲಿದೆ ಮಾರಾಯ, ಇನ್ನೇನು ಬೇಕು ಅಂತ.

ಆ ಬಾಟಲಿಯಲ್ಲಿ ಹುಳಿ ಇತ್ತು, ವಿಟಮಿನ್ ಇರಲಿಲ್ಲ ಅಂತಲೇ ಹೇಳಬೇಕು. ವಿಟಮಿನ್ ಸಿ ಬಿಸಿಗೆ, ಗಾಳಿಗೆ ಹಾಳಾಗುತ್ತದೆ, ನೀರಿಗೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಓದಿದಾಗ ಸ್ವಲ್ಪ ಸಮಾಧಾನವಾಯಿತು, ಇದೇ ಕೆಲಸವನ್ನು ಜೇಮ್ಸ್ ಲಿಂಡ್ ಕೂಡ ಮಾಡಿದ್ದನಂತೆ. 1747ರಲ್ಲಿ ಸಾಲಿಸ್‌ಬರಿ ಅನ್ನೋ ಹಡಗಿನಲ್ಲಿ 12 ಜನ ಸ್ಕರ್ವಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಔಷಧಿ ಕೊಟ್ಟ ಡಾಕ್ಟರ್ ಅವನು. ಕಿತ್ತಳೆ-ನಿಂಬೆ ತಿಂದವರು ಎಲ್ಲರಿಗಿಂತ ಬೇಗ ಎದ್ದರು. ಅಷ್ಟು ಕಣ್ಣಾರೆ ಕಂಡವನು, ಹಡಗಿನಲ್ಲಿ ಬಹಳ ದಿನ ಕೆಡದೆ ಇರಲಿ ಅಂತ ರಸವನ್ನು ಕಾಯಿಸಿ ಮಂದ ಮಾಡುವ ಉಪಾಯ ಹೇಳಿದ. ಅದರಲ್ಲಿ ಸತ್ವವೇ ಉಳಿಯುತ್ತಿರಲಿಲ್ಲ. ಬ್ರಿಟಿಷ್ ನೌಕಾಪಡೆ ನಿಂಬೆರಸ ಕೊಡುವುದನ್ನು ಕಡ್ಡಾಯ ಮಾಡಲು 1795 ಬರಬೇಕಾಯಿತು.

ಹುಳಿ ಇದ್ದಲ್ಲೆಲ್ಲ ವಿಟಮಿನ್ ಸಿ ಇರುತ್ತದೆ ಅನ್ನೋದನ್ನು ಮೊದಲು ತಲೆಯಿಂದ ತೆಗೆಯಿರಿ. ಹುಣಸೆಹಣ್ಣಿನಲ್ಲಿ ಅದು ತೀರಾ ಕಡಿಮೆ. ಮೊಸರಿನ ಹುಳಿ ಬೇರೆಯದೇ ಆಮ್ಲ. ವರ್ಷಗಟ್ಟಲೆ ಭರಣಿಯಲ್ಲಿ ಕೂತ ಉಪ್ಪಿನಕಾಯಿಯನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಕಥೆಗೆ ಬರುತ್ತೇನೆ. ವಸಡು ಊದಿ ಒಂದು ದವಡೆ ಹಲ್ಲು ಅಲ್ಲಾಡತೊಡಗಿತು. ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಕೀಳಿಸಿದೆ. ಅಲ್ಲೂ "ಮನೆ ಊಟಾನೇ." ಕಿತ್ತ ಜಾಗ ಕೂಡಲೇ ಇಲ್ಲ. ವಾರ ಕಳೆದರೂ ರಕ್ತ ಜಿನುಗುತ್ತಿತ್ತು. ಅವರೇ ಗಾಬರಿಯಾಗಿ ಒಬ್ಬ ಫಿಜಿಷಿಯನ್ ಹತ್ತಿರ ಕಳಿಸಿದರು.

ಆ ಡಾಕ್ಟರು ಬಾಯಿ ನೋಡುವ ಮೊದಲು ಪ್ಯಾಂಟ್ ಮೇಲೆ ಮಾಡಲು ಹೇಳಿದರು. ಮೊಣಕಾಲ ಕೆಳಗೆ ಒಂದೊಂದು ಕೂದಲ ಬುಡದಲ್ಲೂ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆ, ಅದರ ಮೇಲೆ ಕೂದಲು ಪೆನ್ನಿನ ಸ್ಪ್ರಿಂಗ್ ಥರ ಸುರುಳಿ ಸುತ್ತಿಕೊಂಡಿತ್ತು. ಅಷ್ಟು ದಿನ ಆ ಕಾಲನ್ನು ನಾನೂ ನೋಡುತ್ತಿದ್ದೆ, ಕಂಡಿರಲಿಲ್ಲ. ಊಟ ಹೇಗೆ ಅಂತ ಅವರು ಕೇಳಲಿಲ್ಲ. "ನಿನ್ನೆ ಎದ್ದಾಗಿಂದ ಮಲಗೋವರೆಗೆ ಬಾಯಿಗೆ ಏನೇನು ಹಾಕಿದ್ರಿ, ಒಂದೊಂದೇ ಹೇಳಿ" ಅಂದರು. ಗಂಜಿ, ತುಪ್ಪ, ಕಾಫಿ, ಕವಳ, ಮೊಸರನ್ನ... ಹೇಳುತ್ತಾ ಹೋದ ಹಾಗೆ ನನಗೇ ಗೊತ್ತಾಗಿಹೋಯಿತು. ಮೊನ್ನೆ? ಅದೇ. ಹೋದ ತಿಂಗಳು? ಅದೇ.

ದನ, ನಾಯಿಗಳ ದೇಹ ವಿಟಮಿನ್ ಸಿಯನ್ನು ತಾನೇ ಮಾಡಿಕೊಳ್ಳುತ್ತದೆ. ಮನುಷ್ಯನಿಗೂ ಮಂಗಕ್ಕೂ ಆಗುವುದಿಲ್ಲ, ತಿಂದೇ ಪಡೆಯಬೇಕು. (ತೋಟಕ್ಕೆ ನುಗ್ಗುವ ಮಂಗಗಳು ಈ ವಿಷಯದಲ್ಲಿ ನನಗಿಂತ ಜಾಣ.) ದೇಹದಲ್ಲಿ ಇರುವ ದಾಸ್ತಾನೇ ಸುಮಾರು 1500 ಮಿಲಿಗ್ರಾಂ. ಹೊರಗಿನಿಂದ ಬರುವುದು ನಿಂತರೆ ಒಂದರಿಂದ ಮೂರು ತಿಂಗಳಲ್ಲಿ ಲಕ್ಷಣ ಶುರು. ಕೊಲಾಜೆನ್ ಅನ್ನೋ ಪ್ರೋಟೀನ್ ಗಟ್ಟಿಯಾಗಿ ಹೆಣೆದುಕೊಳ್ಳಲು ಈ ವಿಟಮಿನ್ ಬೇಕು. ಇಲ್ಲದಿದ್ದರೆ ಸಣ್ಣ ರಕ್ತನಾಳಗಳು ಒಸರುತ್ತವೆ, ವಸಡು ಸಡಿಲವಾಗುತ್ತದೆ, ಗಾಯ ಕೂಡುವುದಿಲ್ಲ. ಊಟದಲ್ಲಿನ ಕಬ್ಬಿಣದ ಅಂಶ ಹೀರಿಕೊಳ್ಳಲೂ ಇದು ಬೇಕು.

ಮಲೆನಾಡಲ್ಲಿ ಇಷ್ಟೊಂದು ಹಣ್ಣು-ಸೊಪ್ಪು ಇರುವಾಗ ಹೇಗೆ ಬರುತ್ತದೆ, ಇದು ನಾವಿಕರ ಕಾಯಿಲೆ ಅಲ್ವಾ ಅಂತ ಕೇಳಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ವಾಸ್ಕೋ ಡ ಗಾಮನ ಜನ 1498ರಲ್ಲಿ ವಾಪಸ್ ಹೊರಟದ್ದು ನಮ್ಮ ಕಾರವಾರದ ಪಕ್ಕದ ಅಂಜದೀವ್ ದ್ವೀಪದಿಂದ. ಹಸಿರು ದಡ ಬಿಟ್ಟು ಸುಮಾರು ಮೂರು ತಿಂಗಳು ಸಮುದ್ರದಲ್ಲಿ ಸಿಕ್ಕಿಕೊಂಡರು, 30ರಷ್ಟು ಜನ ಇದೇ ಕಾಯಿಲೆಯಿಂದ ಸತ್ತರು. ದಡದಲ್ಲಿ ಏನು ಬೆಳೆಯುತ್ತಿತ್ತು ಅನ್ನೋದು ಅವರ ತಟ್ಟೆಗೆ ಸಂಬಂಧವೇ ಇರಲಿಲ್ಲ. ನನ್ನ ರೂಮಿಗೂ ಅಷ್ಟೇ, ನಿಮ್ಮ ರೂಮಿಗೂ ಅಷ್ಟೇ. ಈಗ ನಮ್ಮೂರಿನ ಎಷ್ಟೋ ಮನೆಗಳಲ್ಲಿ ವಯಸ್ಸಾದವರು ಮಾತ್ರ ಇದ್ದಾರೆ, ಮಕ್ಕಳು ಬೆಂಗಳೂರಲ್ಲಿ. ಹಿತ್ತಲಲ್ಲಿ ಪೇರಲೆ ಉದುರಿ ಕೊಳೆಯುತ್ತಿರುತ್ತದೆ, ಒಳಗೆ ಹಲ್ಲಿಲ್ಲದ ಅಜ್ಜ ಗಂಜಿ ಕುಡಿಯುತ್ತಿರುತ್ತಾನೆ. ಊರಿಗೆ ಹೋದಾಗ ಅವರ ತಟ್ಟೆಯನ್ನೂ ಒಮ್ಮೆ ನೋಡಿ. ನೋಡಲು ಹೋಗುವಾಗ ಸೇಬು ಒಯ್ಯಬೇಡಿ, 100 ಗ್ರಾಂ ಸೇಬಿನಲ್ಲಿ ವಿಟಮಿನ್ ಸಿ ಐದು ಮಿಲಿಗ್ರಾಂ ಆಸುಪಾಸು. ಅಷ್ಟೇ ಪೇರಲೆಯಲ್ಲಿ 200 ಮೀರಿ ಇರುತ್ತದೆ.

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ ದಿನಕ್ಕೆ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ ಬೇಕು. ಸ್ಕರ್ವಿ ಬಾರದಿರಲು 10 ಸಿಕ್ಕರೂ ಸಾಕು, ನಾನು ಅಷ್ಟನ್ನೂ ತಿನ್ನುತ್ತಿರಲಿಲ್ಲ. ಬೀಡಿ-ಸಿಗರೇಟು ಸೇದುವವರಿಗೆ ಇನ್ನೂ ಜಾಸ್ತಿ ಬೇಕು. ಒಂದು ದೊಡ್ಡ ಬೆಟ್ಟದ ನೆಲ್ಲಿಕಾಯಿ ಹಸಿಯಾಗಿ ತಿಂದರೆ ದಿನದ ಲೆಕ್ಕ ಹೆಚ್ಚುಕಡಿಮೆ ಮುಗಿಯಿತು. ಗೇರುಹಣ್ಣಿನಲ್ಲಿ ಧಾರಾಳ ಇದೆ, ನಾವು ಬೀಜ ಇಟ್ಟುಕೊಂಡು ಹಣ್ಣು ಎಸೆಯುತ್ತೇವೆ. ರೂಮಿನ ಅಡುಗೆಗೆ ನಾನು ಹೇಳುವುದು ಇಷ್ಟೇ: ಹೆಸರುಕಾಳು ಮೊಳಕೆ ಬರಿಸಿ ಹಸಿಯಾಗೇ ಕೋಸಂಬರಿ ಮಾಡಿ, ಹಸಿಮೆಣಸು ಹೆಚ್ಚಿ ಹಾಕಿ, ನಿಂಬೆ ಹಿಂಡಿ. ಒಣ ಕಾಳಿನಲ್ಲಿ ಇಲ್ಲದ ವಿಟಮಿನ್ ಸಿ ಮೊಳಕೆಯಲ್ಲಿ ಹುಟ್ಟುತ್ತದೆ. ಚಿತ್ರಾನ್ನ, ಸಾರು ಏನೇ ಇರಲಿ, ನಿಂಬೆ ಹಿಂಡುವುದು ಒಲೆಯಿಂದ ಇಳಿಸಿದ ಮೇಲೆ. ಒಂದೆಲಗದ ತಂಬುಳಿ ಮಾಡಿದರೆ ಸೊಪ್ಪು ಹುರಿಯಬೇಡಿ, ಹಸಿಯಾಗೇ ಅರೆಯಿರಿ.

ಇನ್ನು ಮಾತ್ರೆ. 500ಆ 1000ಆ ಅನ್ನೋದು ಈಗ ಕೇಳಬೇಕಾದ ಪ್ರಶ್ನೆಯೇ ಅಲ್ಲ. ಕಾಯಿಲೆ ಇರುವವರಿಗೆ ಎಷ್ಟು, ಎಷ್ಟು ದಿನ ಅಂತ ಡಾಕ್ಟರ್ ಹೇಳುತ್ತಾರೆ, ಮಾತ್ರೆಯೂ ದುಬಾರಿಯಲ್ಲ. ಹೆಚ್ಚಿಗೆ ನುಂಗಿದ್ದು ಮೂತ್ರದಲ್ಲಿ ಹೋಗುತ್ತದೆ. ದಿನಕ್ಕೆ 2000 ಮಿಲಿಗ್ರಾಂ ದಾಟಿದರೆ ಭೇದಿ ಆಗಬಹುದು, ಕಿಡ್ನಿಯಲ್ಲಿ ಕಲ್ಲಾಗುವ ಪೈಕಿಯವರಾದರೆ ಇನ್ನೂ ಹುಷಾರಾಗಿರಬೇಕು. ಅದಕ್ಕಿಂತ ಮುಖ್ಯ, ನಿಮ್ಮದು ಸ್ಕರ್ವಿಯೇ ಅಂತ ನಾನಾಗಲಿ ನಿಮ್ಮ ಗೆಳೆಯರಾಗಲಿ ಹೇಳಲು ಬರುವುದಿಲ್ಲ. ಪ್ಲೇಟ್‌ಲೆಟ್ ಕಡಿಮೆಯಾದರೂ, ರಕ್ತದ ಕ್ಯಾನ್ಸರ್ ಆದರೂ ವಸಡಿನಲ್ಲಿ ರಕ್ತ, ಮೈಮೇಲೆ ಕಲೆ ಬರುತ್ತದೆ. ನಾಳೆಯೇ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಜ್ವರ ಇದ್ದರೆ ನಾಳೆಯವರೆಗೂ ಕಾಯಬೇಡಿ. ಹೋಗುವಾಗ ಹಿಂದಿನ ಒಂದು ವಾರ ತಿಂದದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅವರು ಕೇಳದಿದ್ದರೂ ಮೇಜಿನ ಮೇಲಿಡಿ.

ಸ್ಕರ್ವಿಯೇ ಆಗಿದ್ದರೆ ಹೆದರಬೇಡಿ, ಇಷ್ಟು ಬೇಗ ವಾಸಿಯಾಗುವ ಕಾಯಿಲೆ ಕಡಿಮೆ. ನನಗೆ ಮಾತ್ರೆ ಶುರುವಾದ ಕೆಲವೇ ದಿನದಲ್ಲಿ ಸುಸ್ತು, ಕಾಲುನೋವು ಇಳಿಯಿತು, ಆಮೇಲೆ ರಕ್ತವೂ ನಿಂತಿತು. ಪೂರ್ತಿ ಸರಿಹೋಗಲು ಮೂರು ತಿಂಗಳು ಹಿಡಿಯಬಹುದು. ಅಲ್ಲಾಡುತ್ತಿದ್ದ ಉಳಿದ ಹಲ್ಲುಗಳೂ ಮತ್ತೆ ಗಟ್ಟಿಯಾದವು. ಕೀಳಿಸಿದ ದವಡೆ ಹಲ್ಲನ್ನು ಇನ್ನೊಂದಿಷ್ಟು ದಿನ ಬಿಟ್ಟಿದ್ದರೆ ಅದೂ ಉಳಿಯುತ್ತಿತ್ತೇನೋ. ಹಾಗಾಗಿ ರಿಪೋರ್ಟ್ ಕೈಗೆ ಬರುವವರೆಗೆ ಹಲ್ಲು ಮಾತ್ರ ಕೀಳಿಸಬೇಡಿ.