ಎರೆಮಣ್ಣಲ್ಲಿ ಹಳದಿಗಟ್ಟಿದ ಇಕ್ಸೋರಾ: ಮೊದಲು ಗೊಬ್ಬರ ನಿಲ್ಲಿಸಿ

ಅಕ್ಕಾರೇ, ನೀವು ಹಾಕಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಗಿಡ ಸತ್ತಿಲ್ಲ, ದಯವಿಟ್ಟು ಕೀಳಬೇಡಿ. ಗದಗಿನ ಹೊಸ ಮನೆಯ ಕಂಪೌಂಡ್ ಪಕ್ಕ ಹಚ್ಚಿದ ಇಕ್ಸೋರಾ ಹೂಗಿಡ, ಯೂರಿಯಾ, ಡಿಎಪಿ ಎರಡೂ ಹಾಕಿದರೂ ಹಳದಿ ಹೋಗುತ್ತಿಲ್ಲ, ಬೋರ್ ನೀರು ದಿನಾ ಎರಡು ಹೊತ್ತು ಬಿಡುತ್ತೇನೆ ಅಂತ ಬರೆದಿದ್ದೀರಿ. ಕಾರಣ ಇದರಲ್ಲೇ ಇದೆ.

ತುದಿಯ ಎಳೆ ಎಲೆ ನೋಡಿ. ಎಲೆಯೆಲ್ಲ ತಿಳಿಹಳದಿ, ನರ ಮಾತ್ರ ಹಸಿರು. ಕೆಳಗಿನ ಹಳೆ ಎಲೆಗಳು ಇನ್ನೂ ಚೆನ್ನಾಗಿವೆ. ಇದು ಕಬ್ಬಿಣದ ಕೊರತೆ. ಸಾರಜನಕ ಸಾಲದಿದ್ದರೆ ಹಳೆ ಎಲೆಯೇ ಮೊದಲು ಹಳದಿ ಆಗುತ್ತಿತ್ತು. ಹಾಗಾಗಿ ಸಾರಜನಕ ಕೊಡುವ ಯೂರಿಯಾ ಸುಮ್ನೆ ದಂಡ. ಡಿಎಪಿಯಿಂದ ಇನ್ನೂ ತೊಂದರೆ, ಅದರಲ್ಲಿರುವ ರಂಜಕ ಜಾಸ್ತಿಯಾದರೆ ಗಿಡಕ್ಕೆ ಕಬ್ಬಿಣ ಸಿಗುವುದು ಮತ್ತಷ್ಟು ಕಷ್ಟ. ಎರಡನ್ನೂ ಇವತ್ತೇ ನಿಲ್ಲಿಸಿ.

ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತಲ್ಲ. ಗದಗ, ರೋಣ, ನವಲಗುಂದದ ಎರೆಮಣ್ಣಲ್ಲಿ ಸುಣ್ಣ ಇರುತ್ತದೆ, ಪಿಎಚ್ (ಮಣ್ಣು ಹುಳಿಯೋ ಕ್ಷಾರವೋ ಹೇಳುವ ಅಂಕಿ) ಸಾಮಾನ್ಯವಾಗಿ 8ರ ಆಸುಪಾಸು, ಅಂದರೆ ಕ್ಷಾರ. ಅಲ್ಲಿ ಕಬ್ಬಿಣ ಇದ್ದೂ ಕರಗುವುದಿಲ್ಲ, ಬೇರಿಗೆ ದಕ್ಕುವುದಿಲ್ಲ. ಇಕ್ಸೋರಾ ಅಂದರೆ ಕರಾವಳಿಯವರ ಕೇಪಳ, ಜಂಬಿಟ್ಟಿಗೆ ಗುಡ್ಡದ ಹುಳಿ ಮಣ್ಣಲ್ಲಿ ತಾನಾಗಿ ಬೆಳೆಯುವ ಗಿಡ. ಗಡಸು ಬೋರ್ ನೀರು ಬಿಟ್ಟಷ್ಟೂ ಸುಣ್ಣ ಸೇರುತ್ತಾ ಹೋಗುತ್ತದೆ. ಗೋಡೆಯ ಬುಡದಲ್ಲಿ ಸಿಮೆಂಟು, ಗಿಲಾವಿನ ಚೂರು ಹೂತಿದ್ದರಂತೂ ಮುಗಿಯಿತು. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬುಡದ ಒಣಮಣ್ಣು ಒಂದು ಚಮಚ ತಟ್ಟೆಗೆ ಹಾಕಿ, ಮೇಲೆ ವಿನೆಗರ್ ಹನಿಸಿ. ಬುಸುಬುಸು ನೊರೆ ಎದ್ದರೆ ಸುಣ್ಣ ಇದೆ ಅಂತ ತಿಳಿಯಿರಿ.

ತಕ್ಷಣಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಲವಣ, ಸಿಂಪಡಿಸಿ. ಗೊಬ್ಬರದಂಗಡಿಯಲ್ಲಿ ಫೆರಸ್ ಸಲ್ಫೇಟ್ ಅಂತ ಕೇಳಿ. ಹರಳು ತಿಳಿಹಸಿರು ಇರಬೇಕು, ಕಂದು ತಿರುಗಿದ್ದರೆ ಬೇಡ. ಲೀಟರ್ ನೀರಿಗೆ 5 ಗ್ರಾಂ, ಜೊತೆಗೆ 1 ಗ್ರಾಂ ಸಿಟ್ರಿಕ್ ಆಮ್ಲ. ಮಳೆ ನೀರು ಅಥವಾ ಆರ್‌ಓ ನೀರಲ್ಲಿ ಕಲಸಿದರೆ ಒಳ್ಳೆಯದು. ಬಿಸಿಲು ಇಳಿದ ಮೇಲೆ ಎಲೆಯ ಎರಡೂ ಬದಿಗೆ ಹೊಡೆಯಿರಿ. ಉಳಿದದ್ದನ್ನು ನಾಳೆಗೆ ಇಡಬೇಡಿ, ಕೆಡುತ್ತದೆ. ಗೋಡೆ, ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಹಳೆ ಚೀಲ ಅಡ್ಡ ಹಿಡಿಯಿರಿ. 10-12 ದಿನಕ್ಕೊಮ್ಮೆ, ಮೂರು ಸಲ ಸಾಕು. ಹಳೆ ಎಲೆ ಪೂರ್ತಿ ಹಸಿರಾಗದಿದ್ದರೆ ಗಾಬರಿ ಬೇಡ, ಹೊಸ ಚಿಗುರು ನೋಡಿ.

ಇದೇ ಪುಡಿಯನ್ನು ಬುಡಕ್ಕೆ ಸುರಿಯುವವರಿದ್ದಾರೆ. ನಮ್ಮ ಎರೆಮಣ್ಣಲ್ಲಿ ಆ ಕಬ್ಬಿಣವನ್ನೂ ಸುಣ್ಣ ಬೇಗ ಕಟ್ಟಿಹಾಕುತ್ತದೆ, ಬೇರಿಗೆ ಸಿಗುವುದಿಲ್ಲ, ಹಾಕಬೇಡಿ. ಬುಡಕ್ಕೇ ಕೊಡುವುದಾದರೆ ಚೀಲೇಟ್ ಕಬ್ಬಿಣ (ಮಣ್ಣು ಕಟ್ಟಿಹಾಕದಂತೆ ಬೇರೊಂದು ವಸ್ತುವಿನ ಜೊತೆ ಬೆಸೆದ ಕಬ್ಬಿಣ) ಬೇಕು, ಅದರಲ್ಲೂ ಇಡಿಡಿಎಚ್‌ಎ ಅಂತ ಪೊಟ್ಟಣದ ಮೇಲೆ ಬರೆದದ್ದು. ಸ್ವಲ್ಪ ದುಬಾರಿ, ಆದರೆ ಸುಣ್ಣದ ಮಣ್ಣಲ್ಲೂ ಕೆಲಸ ಮಾಡುತ್ತದೆ. ಅಗ್ಗದ ಇಡಿಟಿಎ ಚೀಲೇಟ್ ಇಂಥ ಮಣ್ಣಲ್ಲಿ ನಿಲ್ಲುವುದಿಲ್ಲ.

ನೀರು ಕಡಿಮೆ ಮಾಡಿ. ಬೆರಳು ಎರಡು ಇಂಚು ಇಳಿಸಿ, ಒಳಗೆ ತಂಪಿದ್ದರೆ ಆ ದಿನ ಬಿಡಲೇಬೇಡಿ. ಎರೆಮಣ್ಣು ನೀರು ಹಿಡಿದು ಕೂತರೆ ಬೇರಿಗೆ ಗಾಳಿ ಆಡುವುದಿಲ್ಲ.

ಖಾಯಂ ಪರಿಹಾರ ಬೇಕೆಂದರೆ ಮುಂಗಾರು ಹಿಡಿದ ಮೇಲೆ ಗಿಡವನ್ನು ಗೋಡೆಯಿಂದ ದೂರ ತನ್ನಿ. ಎರೆಯಲ್ಲಿ ಗುಂಡಿ ತೋಡಿ ಕೆಮ್ಮಣ್ಣು ತುಂಬಿದರೆ ಅದು ಬಾನಿಯ ಹಾಗೆ ನೀರು ನಿಲ್ಲಿಸಿಕೊಳ್ಳುತ್ತದೆ. ಅದರ ಬದಲು ನೆಲದ ಮೇಲೆ ಒಂದೂವರೆ ಅಡಿ ಎತ್ತರ ಇಟ್ಟಿಗೆ ಜೋಡಿಸಿ, ಕೆಮ್ಮಣ್ಣು, ಕೊಳೆತ ಎಲೆಗೊಬ್ಬರ, ಸ್ವಲ್ಪ ಕೊಕೊಪೀಟ್ ತುಂಬಿ ಅಲ್ಲಿ ಹಚ್ಚಿ. ಇಟ್ಟಿಗೆಗೆ ಸಿಮೆಂಟ್ ಬೇಡ. ಗಿಡ ಸರಿಸುವಾಗಲೇ ಟೊಂಗೆಯನ್ನೂ ಮೂರನೇ ಒಂದು ಭಾಗ ಕತ್ತರಿಸಿ, ಬಿರುಬಿಸಿಲಲ್ಲಿ ಅಲ್ಲ. ತಾರಸಿಯ ಮಳೆ ನೀರು ಒಂದು ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಈ ಗಿಡಕ್ಕೆ ತುಂಬಾ ದಿನ ಬರುತ್ತದೆ.

ಕೊನೇ ಫೋಟೋದಲ್ಲಿ ಟೊಂಗೆ ಸಂದಿಯಲ್ಲಿ ಬಿಳಿ ಹಿಟ್ಟಿನಂಥದು ಕಾಣುತ್ತಿದೆ, ಇರುವೆಯೂ ಓಡಾಡುತ್ತಿವೆ, ಅಲ್ವಾ? ಅದು ಹಿಟ್ಟು ತಿಗಣೆ. ಲೀಟರಿಗೆ 5 ಎಂಎಲ್ ಬೇವಿನೆಣ್ಣೆ, ಎರಡು ಹನಿ ಸೋಪಿನ ನೀರು. ಆದರೆ ಅನ್ನಭೇದಿ ಹೊಡೆದ ದಿನವೇ ಇದು ಬೇಡ, ನಾಲ್ಕೈದು ದಿನ ಬಿಟ್ಟು ಹೊಡೆಯಿರಿ.

ವಿನೆಗರ್‌ಗೆ ನೊರೆ ಬಂತೋ ಇಲ್ಲವೋ, ಗೋಡೆಯಿಂದ ಗಿಡ ಎಷ್ಟು ಅಡಿ ಇದೆ, ಎರಡನ್ನೂ ಬರೆಯಿರಿ. ನೊರೆ ಬರದಿದ್ದರೆ ಬೇರು ಕೊಳೆತಿದೆಯಾ ಅಂತ ಕೆದಕಿ ನೋಡಬೇಕಾಗುತ್ತದೆ.