ಲೇಖನ ಮೂರನೆಯ ಪುಟದಿಂದ ಆರಂಭವಾಗಲಿ

ಮಾನ್ಯರೇ,

ನೀವು ಕಳುಹಿಸಿದ ‘ಕಂದಕಗಳ ಸಿಡಿಲು’ ಲೇಖನವನ್ನು ಎರಡು ಬಾರಿ ಓದಿದೆ. ಮೊದಲ ಮಹಾಯುದ್ಧದ ಕೊನೆಯ ವರ್ಷದಲ್ಲಿ ಜರ್ಮನ್ ಸೇನೆಯ ಕೈಸೇರಿದ ಎಂಪಿ 18 ಸಬ್‌ಮಷಿನ್ ಗನ್ನಿನ (ಪಿಸ್ತೂಲು ಗುಂಡುಗಳನ್ನು ಒಂದೇ ಸಮನೆ ಹಾರಿಸುವ ಗಿಡ್ಡ ಬಂದೂಕಿನ) ಬಗ್ಗೆ ನೀವು ಶ್ರದ್ಧೆಯಿಂದ ಓದಿಕೊಂಡಿದ್ದೀರಿ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

“ಹ್ಯೂಗೋ ಶ್ಮೈಸರ್ ಅವರ ಪ್ರತಿಭೆಯ ಮಿಂಚು ಯುದ್ಧದ ಇತಿಹಾಸವನ್ನೇ ಬದಲಿಸಿತು” ಎಂಬ ನಿಮ್ಮ ಮೊದಲ ವಾಕ್ಯವನ್ನು ಯಾವ ಬಂದೂಕಿಗಾದರೂ, ಯಾವ ವಿನ್ಯಾಸಕನಿಗಾದರೂ ಅಂಟಿಸಬಹುದು. ಎರಡು ಪುಟ ಇಂಥದೇ ಹೊಗಳಿಕೆ ತುಂಬಿದೆ. ಜರ್ಮನಿಯ ಸೂಲ್ ಪಟ್ಟಣದ ಬೆರ್ಗ್‌ಮನ್ ಕಾರ್ಖಾನೆಯಲ್ಲಿ ಈ ಬಂದೂಕನ್ನು ವಿನ್ಯಾಸಗೊಳಿಸಿದ ಆ ಮನುಷ್ಯನ ಎದುರಿಗಿದ್ದ ಸಮಸ್ಯೆ ಏನೆಂಬುದು ಮಾತ್ರ ಎಲ್ಲೂ ಬರುವುದಿಲ್ಲ. ಕಂದಕದ ಇಕ್ಕಟ್ಟಾದ ತಿರುವುಗಳಲ್ಲಿ ಉದ್ದನೆಯ ರೈಫಲ್ ತಿರುಗಿಸುವುದು ಕಷ್ಟ, ಮಷಿನ್ ಗನ್ ಹೊತ್ತು ಓಡುವುದು ಇನ್ನೂ ಕಷ್ಟ, ಪಿಸ್ತೂಲಿನ ಗುಂಡುಗಳು ಬೇಗ ತೀರುತ್ತವೆ. ಇಷ್ಟು ಹೇಳಿದರೆ ಸಾಕು, ಆ ಆಯುಧ ಏಕೆ ಬೇಕಾಯಿತೆಂದು ಓದುಗನಿಗೆ ತಿಳಿಯುತ್ತದೆ.

ನಿಮ್ಮ ಲೇಖನದ ಜೀವ ಮೂರನೆಯ ಪುಟದ ಒಂದೇ ಸಾಲಿನಲ್ಲಿದೆ: “ಇದರ ಮ್ಯಾಗಜೀನ್ ದುಂಡಗಿತ್ತು.” ಗುಂಡು ತುಂಬಿಡುವ ಆ ಡಬ್ಬಿ ಏಕೆ ದುಂಡಗಿತ್ತು ಎಂದು ನೀವು ಕೇಳಿಕೊಳ್ಳಲೇ ಇಲ್ಲ. ಉದ್ದ ನಳಿಗೆಯ ಲೂಗರ್ ಪಿಸ್ತೂಲಿಗೆಂದು ಮಾಡಿದ್ದ, 32 ಗುಂಡು ಹಿಡಿಯುವ, ಬಸವನಹುಳುವಿನ ಚಿಪ್ಪಿನ ಆಕಾರದ ಡಬ್ಬಿಯನ್ನೇ ತಂದು ಈ ಬಂದೂಕಿಗೆ ಹೊಂದಿಸಿದರು. ಪಿಸ್ತೂಲಿನ ಹಿಡಿಯೊಳಗೆ ಕೂರಲೆಂದು ಅದರ ಕೊರಳು ಉದ್ದವಾಗಿದ್ದುದರಿಂದ, ಇಲ್ಲಿ ಅದು ತೀರಾ ಒಳಕ್ಕೆ ನುಗ್ಗದಂತೆ ಲೋಹದ ತಡೆಪಟ್ಟಿಯೊಂದನ್ನು ತೊಡಿಸಬೇಕಾಯಿತು. ಗುಂಡು ತುಂಬಲು ಪ್ರತ್ಯೇಕ ಸಲಕರಣೆ ಬೇಕಿತ್ತು. ತುಂಬಿದ ಡಬ್ಬಿ ಎಡಬದಿಗೆ ಜೋತು, ಅದಿಲ್ಲದೆಯೇ ನಾಲ್ಕು ಕಿಲೋ ಮೀರಿದ ಬಂದೂಕನ್ನು ಅತ್ತಲೇ ಎಳೆಯುತ್ತಿತ್ತು. ಯುದ್ಧ ಮುಗಿದ ಮೇಲೆ ನೇರವಾದ ಮ್ಯಾಗಜೀನ್ ಬಂದು ಈ ಪೇಚಾಟ ತೀರಿತು. ಅವಸರದಲ್ಲಿ ಎರವಲು ತಂದ ಆ ಡಬ್ಬಿಯ ಕಥೆಯನ್ನು ನಾನು ಆಸೆಯಿಂದ ಓದುತ್ತಿದ್ದೆ.

‘ಬ್ಲೋಬ್ಯಾಕ್’ ಎಂಬ ಪದವನ್ನು ಏಳು ಕಡೆ ಬಳಸಿದ್ದೀರಿ, ಒಂದು ಕಡೆಯೂ ವಿವರಿಸಿಲ್ಲ. ಇದರ ಬೋಲ್ಟ್‌ಗೆ, ಅಂದರೆ ನಳಿಗೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ತುಂಡಿಗೆ, ಬೀಗವಿಲ್ಲ. ಕುದುರೆ ಎಳೆದೊಡನೆ, ಹಿಂದೆ ತಡೆದು ನಿಂತಿದ್ದ ಭಾರವಾದ ಬೋಲ್ಟ್ ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಧಾವಿಸಿ, ಗುಂಡನ್ನು ನಳಿಗೆಗೆ ದೂಡಿ ಸಿಡಿಸುತ್ತದೆ. ಸಿಡಿತದ ಒತ್ತಡ ಆ ಉಕ್ಕಿನ ತೂಕವನ್ನು ಹಿಂದಕ್ಕೆ ತಳ್ಳುವಷ್ಟರಲ್ಲಿ ಗುಂಡು ನಳಿಗೆ ದಾಟಿ ಹೋಗಿರುತ್ತದೆ. ರೈಫಲ್ಲಿನ ಗುಂಡಿಗಿಂತ ಬಲ ಕಡಿಮೆಯಿರುವ 9 ಮಿ.ಮೀ. ಪಿಸ್ತೂಲು ಗುಂಡನ್ನು ಆಯ್ದುಕೊಂಡದ್ದರಿಂದಲೇ ಈ ಸರಳತೆ ಸಾಧ್ಯವಾಯಿತು. ಅದರ ಬೆಲೆಯನ್ನೂ ಬರೆಯಿರಿ: ಬೋಲ್ಟ್ ಮುಂದಿದ್ದಾಗ ಗುಂಡು ತುಂಬಿದ ಬಂದೂಕು ಕೈಜಾರಿ ಭುಜಕ್ಕಿಡುವ ಹಿಡಿಯ ಮೇಲೆ ಬಿದ್ದರೆ, ಬೋಲ್ಟ್ ಹಿಂದಕ್ಕೆ ಜಿಗಿದು ತಾನಾಗಿಯೇ ಗುಂಡು ಹಾರುವ ಅಪಾಯವಿತ್ತು.

ಎರಡು ತಪ್ಪುಗಳನ್ನು ತಿದ್ದಲೇಬೇಕು. ಪಿಸ್ತೂಲು ಗುಂಡನ್ನು ಒಂದೇ ಸಮನೆ ಹಾರಿಸುವ ಆಯುಧವಾಗಿ ಇಟಲಿಯ ಎರಡು ನಳಿಗೆಯ ವಿಲ್ಲಾರ್ ಪೆರೋಸಾ 1915ರಲ್ಲೇ ಬಂದಿತ್ತು. ಆದ್ದರಿಂದ ‘ಜಗತ್ತಿನ ಮೊದಲನೆಯದು’ ಎನ್ನುವ ಮುನ್ನ ಅದಕ್ಕೆ ಭುಜಕ್ಕಿಡುವ ಹಿಡಿ ಇರಲಿಲ್ಲವೆಂಬ ವ್ಯತ್ಯಾಸವನ್ನು ತಿಳಿಸಿ. ಎರಡನೆಯ ಮಹಾಯುದ್ಧದ ಜರ್ಮನ್ ಸಬ್‌ಮಷಿನ್ ಗನ್ ಎಂಪಿ 40 ಕೂಡ ಶ್ಮೈಸರ್ ವಿನ್ಯಾಸವೆಂದು ಬರೆದಿದ್ದೀರಿ. ಎದುರಾಳಿ ಸೈನಿಕರು ಅದನ್ನು ಆ ಹೆಸರಿನಿಂದ ಕರೆದರು, ಅಷ್ಟೇ. ಅದು ಎರ್ಮಾ ಕಾರ್ಖಾನೆಯ ವಿನ್ಯಾಸ.

1918ರ ವಸಂತದಲ್ಲಿ ಜರ್ಮನ್ ಸೇನೆ ನಡೆಸಿದ ದಾಳಿಯ ಭಾಗವನ್ನು ಒಂದು ಪ್ಯಾರಾಕ್ಕೆ ಇಳಿಸಿ. ಅಲ್ಲಿ “ಶತ್ರುಗಳು ಹುಳುಗಳಂತೆ ಉದುರಿದರು” ಎಂದಿದ್ದೀರಿ. ಸತ್ತವರು ಮನುಷ್ಯರು, ಆ ಸಾಲು ನಮ್ಮ ಪತ್ರಿಕೆಯಲ್ಲಿ ಬರುವುದು ನನಗೆ ಸಮ್ಮತವಿಲ್ಲ. ತಿದ್ದಿದ ಪ್ರತಿಯನ್ನು ಆ ದುಂಡು ಡಬ್ಬಿಯಿಂದಲೇ ಆರಂಭಿಸಿ ಕಳುಹಿಸಿ. ಬೋಲ್ಟ್ ಹಿಂದೆ ನಿಂತಾಗಿನ ಒಂದು ರೇಖಾಚಿತ್ರವನ್ನೂ ಬರೆಸಿ ಜೊತೆಗಿಡಿ.

ವಿಶ್ವಾಸದಿಂದ,
ಸಂಪಾದಕ