ಪಾಳುಬಿದ್ದ ಮಿಲ್ಲಿಗೆ ಬೆಂಕಿ ಬಿದ್ದರೆ ಫೈರ್‌ಮನ್‌ಗಳು ಒಳಗೆ ನುಗ್ಗದೆ ಹೊರಗೇ ನಿಲ್ಲುವುದೇಕೆ?

ನೀವು ಕೇಳಿರುವುದು ಇಷ್ಟು: ಊರಿನಲ್ಲಿ ವರ್ಷಗಟ್ಟಲೆ ಬೀಗ ಬಿದ್ದಿದ್ದ ಅಕ್ಕಿ ಮಿಲ್ಲಿಗೆ ರಾತ್ರಿ ಬೆಂಕಿ ಬಿತ್ತು, ಎರಡು ಗಾಡಿ ಬಂದವು, ಆದರೆ ಸಿಬ್ಬಂದಿ ಬಾಗಿಲು ದಾಟದೆ ಆಚೆಯಿಂದಲೇ ನೀರು ಹೊಡೆದರು. ಒಳಗೆ ಹೋಗಿದ್ದರೆ ಬೇಗ ಆರುತ್ತಿತ್ತಲ್ಲ, ಹೆದರಿದರೇ?

ಹೆದರಿಕೆಯ ಮಾತೇ ಇಲ್ಲಿಲ್ಲ. ಒಳಗೆ ಯಾರೂ ಇಲ್ಲ ಎಂದು ಖಾತ್ರಿಯಾಗಿದ್ದರೆ ಅವರು ಮಾಡಿದ್ದೇ ಸರಿ. ಅಂಥ ಕಟ್ಟಡದಲ್ಲಿ ಉಳಿಸಬೇಕಾದ್ದು ಎರಡೇ: ಒಳಗಿರಬಹುದಾದ ಜೀವ, ಪಕ್ಕದ ಮನೆಗಳು. ಗೋಡೆ, ಸೂರು, ತುಕ್ಕು ಹಿಡಿದ ಯಂತ್ರ ಇವುಗಳಿಗಾಗಿ ಒಬ್ಬ ಫೈರ್‌ಮನ್‌ನ ಕಾಲು ಮುರಿಯುವುದೂ ದುಬಾರಿ.

ಜನ ವಾಸವಿರುವ ಮನೆಗೆ ನುಗ್ಗುವವನಿಗೆ ಅರ್ಧ ನಕ್ಷೆ ತಲೆಯಲ್ಲೇ ಇರುತ್ತದೆ. ಪಾಳು ಕಟ್ಟಡದಲ್ಲಿ ಆ ನಕ್ಷೆ ಮೋಸ ಮಾಡುತ್ತದೆ. ಕಂಬಿ, ಪೈಪು, ಲಿಫ್ಟಿನ ಬಾಗಿಲು ಎಲ್ಲ ಕಳುವಾಗಿ ಗುಜರಿ ಸೇರಿರುತ್ತವೆ. ಲಿಫ್ಟಿನ ಗುಂಡಿ ಬಾಯಿ ತೆರೆದುಕೊಂಡಿರುತ್ತದೆ. ಬೆಂಕಿ ಆರಿಸಲು ಕಟ್ಟಡದಲ್ಲೇ ಇಟ್ಟ ಕೊಳಾಯಿಯ, ಅಂದರೆ ಹೈಡ್ರೆಂಟಿನ ವಾಲ್ವ್‌ಗಳಿಗೆ ಗುಜರಿಯಲ್ಲಿ ಒಳ್ಳೆಯ ಬೆಲೆ, ಹಾಗಾಗಿ ಅವೂ ಉಳಿದಿರುವುದಿಲ್ಲ. ಅದನ್ನು ನೋಡದೆ ಮಹಡಿಗಳಿಗೆ ನೀರೇರಿಸುವ ರೈಸರ್ ಪೈಪಿಗೆ ಪಂಪು ಕೂಡಿಸಿದರೆ ನೀರು ಮೊದಲ ಮಹಡಿಯಲ್ಲೇ ಸುರಿದುಹೋಗುತ್ತದೆ. ನಮ್ಮ ಕಡೆ ನಾನು ಎಲ್ಲಕ್ಕಿಂತ ಹೆಚ್ಚು ಅಂಜುವುದು ಅಂಗಳದ ಸಂಪ್‌ಗೆ, ಅಂದರೆ ನೆಲದಡಿಯ ನೀರಿನ ತೊಟ್ಟಿಗೆ. ಮುಚ್ಚಳ ಇರುವುದಿಲ್ಲ, ಹೊಡೆದ ನೀರೆಲ್ಲ ಅಂಗಳದಲ್ಲಿ ನಿಂತ ಮೇಲೆ ನೆಲ ಯಾವುದು, ಗುಂಡಿ ಯಾವುದು ಗೊತ್ತಾಗದು. 20 ಕೆಜಿಗೂ ಮೀರಿದ ಉಡುಪು, ಸಿಲಿಂಡರ್ ಹೊತ್ತವನು ಅದರೊಳಗೆ ಬಿದ್ದರೆ ತಾನಾಗಿ ಮೇಲೆ ಬರಲಾರ. ಮೊದಲು ಕಂಡವರು ಅಲ್ಲೊಂದು ಏಣಿಯನ್ನು ಅಡ್ಡ ಹಾಕಬೇಕು, ಇಲ್ಲವೇ ಒಬ್ಬರನ್ನು ನಿಲ್ಲಿಸಬೇಕು.

ಸೂರಿನ ವಿಷಯಕ್ಕೆ ಬಂದರೆ, ಮಂಗಳೂರು ಹೆಂಚಿನ ಮಾಡಿನ ತೊಲೆ, ರೀಪುಗಳನ್ನು ಸೋರಿದ ನೀರೂ ಗೆದ್ದಲೂ ಮೊದಲೇ ತಿಂದಿರುತ್ತವೆ. ಮದ್ರಾಸ್ ತಾರಸಿಯಲ್ಲಿ ಮರದ ಜಂತಿಗಳ ಮೇಲೆ ಇಟ್ಟಿಗೆ, ಗಾರೆಯ ದಪ್ಪ ಹಾಸು. ಜಂತಿ ಸುಟ್ಟರೆ ಅಷ್ಟೂ ಭಾರ ಒಟ್ಟಿಗೆ ಕೆಳಗೆ ಬರುತ್ತದೆ. ಸಿಮೆಂಟ್ ಶೀಟು ಕಾದಾಗ ಸಿಡಿದು ಚೂರು ಹಾರಿಸುತ್ತದೆ, ಅದರ ಮೇಲೆ ಕಾಲಿಡಲೇಬಾರದು. ಆರ್‌ಸಿಸಿ ಗಟ್ಟಿ ಎಂಬ ಧೈರ್ಯವೂ ಇಲ್ಲಿ ನಡೆಯದು. ಕಾಂಕ್ರೀಟ್ ಉದುರಿ ಕಬ್ಬಿಣ ಹೊರಗೆ ಕಾಣುತ್ತಿದ್ದರೆ ಬೆಂಕಿಯ ಶಾಖ ನೇರ ಅದಕ್ಕೇ ತಾಗುತ್ತದೆ; 550ರಿಂದ 600 ಡಿಗ್ರಿ ಸೆಲ್ಸಿಯಸ್‌ಗೆ ಉಕ್ಕು ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಳ್ಳುತ್ತದೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಎಂಬ ಊರಿನಲ್ಲಿ 1999ರ ಡಿಸೆಂಬರ್ 3ರಂದು ನಡೆದದ್ದನ್ನು ಈ ವೃತ್ತಿಯವರು ಯಾರೂ ಮರೆಯುವಂತಿಲ್ಲ. 1906ರಲ್ಲಿ ಕಟ್ಟಿದ ಆರು ಅಂತಸ್ತಿನ ಕೋಲ್ಡ್ ಸ್ಟೋರೇಜ್, ಬಹಳ ವರ್ಷಗಳಿಂದ ಖಾಲಿ. ಮೇಲಿನ ಮಹಡಿಗಳಿಗೆ ಕಿಟಕಿಯೇ ಇಲ್ಲದಂತೆ. ದಪ್ಪ ಇಟ್ಟಿಗೆ ಗೋಡೆಗಳ ಒಳಮೈಗೆ ತಂಪು ಹಿಡಿಯಲೆಂದು ಕಾರ್ಕ್, ಡಾಂಬರು, ಫೋಮ್. ಒಳಗೆ ಉಳಿದುಕೊಂಡಿದ್ದ ಇಬ್ಬರು ನಿರ್ಗತಿಕರ ಮೇಣದಬತ್ತಿಯಿಂದ ಬೆಂಕಿ ಹತ್ತಿತು, ಅವರು ಯಾರಿಗೂ ಹೇಳದೆ ಹೊರಟುಹೋದರು. ಒಳಗೆ ಜನ ಇರಬಹುದೆಂದು ಹುಡುಕಲು ಹೋದ ಇಬ್ಬರು ಫೈರ್‌ಮನ್‌ಗಳು ಹೊಗೆಯಲ್ಲಿ ದಾರಿ ತಪ್ಪಿದರು, ಗಾಳಿ ಮುಗಿಯುತ್ತಾ ಬಂತು. ಅವರನ್ನು ಹುಡುಕುತ್ತಾ ಹೋದವರಲ್ಲಿ ನಾಲ್ವರು ಮರಳಲಿಲ್ಲ. ಇನ್ನೂ ನುಗ್ಗಲು ಸಿದ್ಧರಾಗಿದ್ದವರನ್ನು ಬಾಗಿಲಲ್ಲಿ ಅಡ್ಡ ನಿಂತು ತಡೆದವರು ಮೈಕ್ ಮ್ಯಾಕ್‌ನಮೀ ಎಂಬ ಅಧಿಕಾರಿ. ಆ ತಡೆ ಇರದಿದ್ದರೆ ಸತ್ತವರ ಸಂಖ್ಯೆ ಆರಕ್ಕೆ ನಿಲ್ಲುತ್ತಿರಲಿಲ್ಲ.

ಅಲ್ಲಿ ಕೈಕೊಟ್ಟ ಗಾಳಿಯ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಬೆನ್ನ ಮೇಲಿನ ಬಿಎ ಸೆಟ್ಟಿನ (ಉಸಿರಾಟದ ಸಾಧನದ) ಸಿಲಿಂಡರ್ 6.8 ಲೀಟರಿನದು, 300 ಬಾರ್ ಒತ್ತಡಕ್ಕೆ ತುಂಬಿದರೆ ಸುಮಾರು 2,040 ಲೀಟರ್ ಗಾಳಿ. ತರಬೇತಿಯಲ್ಲಿ ನಿಮಿಷಕ್ಕೆ 40 ಲೀಟರ್ ಎಂದು ಲೆಕ್ಕ ಹಾಕುತ್ತೇವೆ, ಆದರೆ ತೆವಳುತ್ತಾ ಹೋಸ್ ಎಳೆಯುವವನು 80 ಲೀಟರ್ ಎಳೆದುಕೊಂಡುಬಿಡುತ್ತಾನೆ. ಒತ್ತಡ 55 ಬಾರ್‌ಗೆ ಇಳಿದಾಗ ಎಚ್ಚರಿಕೆಯ ವಿಸಿಲ್ ಕೂಗುತ್ತದೆ. ಅಂದರೆ ಕೆಲಸಕ್ಕೆ ಸಿಗುವುದು 20 ನಿಮಿಷ, ವಿಸಿಲ್ ಆದ ಮೇಲೆ 5 ನಿಮಿಷವೂ ಇಲ್ಲ. ವಿಸಿಲ್ ಕೇಳಿ ಹೊರಡುವುದು ತಪ್ಪು. ವಿಸಿಲ್ ಕೂಗುವ ಹೊತ್ತಿಗೆ ಆಚೆ ಬಂದಿರಬೇಕು. ಗೊತ್ತಿಲ್ಲದ ದೊಡ್ಡ ಕಟ್ಟಡದಲ್ಲಿ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಆಪತ್ತಿಗೆ. ಗೇಜಿನ ಮುಳ್ಳು 200ಕ್ಕೆ ಇಳಿಯಿತೆಂದರೆ ತಿರುಗಿಬಿಡಬೇಕು. ಬಾಗಿಲಲ್ಲಿ ಒಬ್ಬರು ಬೋರ್ಡ್ ಹಿಡಿದು ಯಾರು ಎಷ್ಟು ಗಂಟೆಗೆ, ಎಷ್ಟು ಬಾರ್‌ನೊಂದಿಗೆ ಒಳಗೆ ಹೋದರು ಎಂದು ಬರೆಯುತ್ತಿರಬೇಕು. ಸಿಬ್ಬಂದಿ ಕಡಿಮೆ ಇದ್ದಾಗ ಮೊದಲು ಕೈಬಿಡುವುದು ಈ ಕೆಲಸವನ್ನೇ, ನನಗೆ ಅತ್ಯಂತ ಬೇಸರ ತರುವ ತಪ್ಪೂ ಇದೇ.

ಗಾಡಿ ಇಳಿದವರು ಮೊದಲು ಕಟ್ಟಡವನ್ನು ನಾಲ್ಕೂ ಕಡೆಯಿಂದ ಸುತ್ತಿ ನೋಡುತ್ತಾರೆ. ಗೋಡೆ ಉಬ್ಬಿದೆಯೇ, ಇಟ್ಟಿಗೆಗಳ ಸಂದಿಯಿಂದ ಹೊಗೆ ಒಸರುತ್ತಿದೆಯೇ, ಮಾಡಿನ ಗೆರೆ ಬಾಗಿದೆಯೇ. ಮುಚ್ಚಿದ ಕಟ್ಟಡದ ಸಂದಿಯಲ್ಲಿ ಹೊಗೆ ಉಸಿರಾಡುವಂತೆ ಒಳಗೂ ಹೊರಗೂ ಆಡುತ್ತಿದ್ದರೆ ಒಳಗೆ ಗಾಳಿಗಾಗಿ ಕಾದಿರುವ ಬೆಂಕಿ ಇದೆ. ಎದುರು ನಿಂತು ಬಾಗಿಲು ತೆಗೆದರೆ ಸ್ಫೋಟದಂತೆ ಮೈಮೇಲೆ ಬರುತ್ತದೆ. ಆಮೇಲೆ, ಒಳಗೆ ಹೊಡೆದ ನೀರು ಹೊರಗೆ ಹರಿಯುತ್ತಿದೆಯೇ ಎಂದು ನೋಡುತ್ತಲೇ ಇರಬೇಕು. ನಿಮಿಷಕ್ಕೆ 450 ಲೀಟರ್ ಚೆಲ್ಲುವ ಒಂದು ಬ್ರಾಂಚ್ (ಹೋಸಿನ ತುದಿಯ ನಳಿಕೆ) 10 ನಿಮಿಷದಲ್ಲಿ ನಾಲ್ಕೂವರೆ ಟನ್ ನೀರು ಹಾಕುತ್ತದೆ. ಅದು ಮೋರಿಗೆ ಬರದಿದ್ದರೆ ಮೇಲಿನ ಮಹಡಿಯಲ್ಲಿ ನಿಂತಿದೆ, ಅಥವಾ ಗೋಣಿ, ಹತ್ತಿ, ರದ್ದಿ ಹೀರಿಕೊಂಡಿವೆ. ಗೋಡೆ ಬೀಳುವುದು ಹೀಗೇ.

ಆದ್ದರಿಂದ ಗೋಡೆಯ ಎತ್ತರದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು. 12 ಮೀಟರ್ ಗೋಡೆಗೆ 18 ಮೀಟರ್. ಗಾಡಿಗಳನ್ನು ಮೂಲೆಗಳ ನೇರಕ್ಕೆ ನಿಲ್ಲಿಸಬೇಕು, ಮೂಲೆ ಉಳಿದ ಭಾಗಕ್ಕಿಂತ ಗಟ್ಟಿ. ಬ್ರಾಂಚನ್ನು ಕಿಟಕಿಯ ಮೂಲಕ ಕಡಿದಾದ ಕೋನದಲ್ಲಿ ಸೂರಿಗೆ ತಾಗುವಂತೆ ನೇರ ಧಾರೆಯಲ್ಲಿ ಹಿಡಿದರೆ ನೀರು ಚದುರಿ ಕೋಣೆಯನ್ನೆಲ್ಲ ತಣಿಸುತ್ತದೆ. ಹೊರಗಿನಿಂದ ಹೊಡೆದರೆ ಬೆಂಕಿ ಒಳಕ್ಕೆ ತಳ್ಳಲ್ಪಡುತ್ತದೆ ಎಂಬ ಹಳೆಯ ನಂಬಿಕೆಯನ್ನು ಪ್ರಯೋಗಗಳು ಸುಳ್ಳು ಮಾಡಿವೆ, ಧಾರೆಯನ್ನು ಅಗಲಿಸಿ ಕಿಟಕಿಯನ್ನೇ ಮುಚ್ಚಬಾರದು ಅಷ್ಟೇ.

ಹಾಗಾದರೆ ಒಳಗೆ ಹೋಗುವುದೇ ಇಲ್ಲವೇ? ಹೋಗುತ್ತಾರೆ, ಜೀವ ಇರುವ ಗುರುತು ಸಿಕ್ಕರೆ. ಬಾಗಿಲ ಬಳಿ ಚಪ್ಪಲಿ, ಒಣಗಲು ಹಾಕಿದ ಬಟ್ಟೆ, ಕಳೆ ಗಿಡದ ನಡುವೆ ತುಳಿದು ಸವೆದ ದಾರಿ, ಕಂಬದಿಂದ ಎಳೆದ ವೈರು. ಆ ವೈರು ಇನ್ನೊಂದು ಮಾತನ್ನೂ ಹೇಳುತ್ತದೆ: ಖಾಲಿ ಕಟ್ಟಡದಲ್ಲಿ ಕರೆಂಟ್ ಇಲ್ಲ ಎಂದುಕೊಳ್ಳಬೇಡಿ. ಇಬ್ಬರು ಒಳಗೆ ಹೋದರೆ ಕನಿಷ್ಠ ಇಬ್ಬರು ಪೂರ್ತಿ ಉಡುಪಿನಲ್ಲಿ ಬಾಗಿಲಲ್ಲಿ ಸಿದ್ಧವಿರಬೇಕು. ಕಾಲಿಡುವ ಮುನ್ನ ಕೊಡಲಿಯಿಂದ ನೆಲ ಕುಟ್ಟಿ ನೋಡಬೇಕು, ಗೋಡೆಯ ಅಂಚಿನಲ್ಲೇ ಸಾಗಬೇಕು. ಬೆಂಕಿ ಇಡೀ ಮಹಡಿ ಹಿಡಿದಿದ್ದರೆ ಅಲ್ಲಿ ಬದುಕಿರುವವರು ಇರಲಾರರು. ಆಗ ನುಗ್ಗುವುದರಲ್ಲಿ ಅರ್ಥವಿಲ್ಲ.

ದಾರಿ ತಪ್ಪಿದರೆ ಕೈಗೆ ಸಿಗುವ ನೆಂಟ ಹೋಸ್ ಒಂದೇ. ಎರಡು ಹೋಸ್ ಕೂಡುವ ಕಪ್ಲಿಂಗನ್ನು ಗ್ಲೌಸ್ ಹಾಕಿದ ಕೈಯಿಂದಲೇ ತಡವಿ ನೋಡಿ: ಒಂದು ಬದಿ ನುಣುಪು, ಇನ್ನೊಂದು ಬದಿಯಲ್ಲಿ ಎಳೆದು ಬಿಚ್ಚುವ ಎರಡು ಲಗ್, ಅಂದರೆ ಚಿಕ್ಕ ಹಿಡಿಕೆ. ನಮ್ಮ ದೇಶದ ಕಪ್ಲಿಂಗಿನಲ್ಲಿ ಲಗ್ ಇರುವ ಬದಿ ಪಂಪಿನ ಕಡೆಗೆ, ಅಂದರೆ ಹೊರದಾರಿಗೆ. ಅಮೆರಿಕದ ತಿರುಪಿನ ಕಪ್ಲಿಂಗಿನ ಜೋಡಣೆಯೇ ಬೇರೆ, ಅಲ್ಲಿನ ವಿಡಿಯೋ ನೋಡಿ ಕಲಿತರೆ ಬೆಂಕಿಯ ಕಡೆಗೇ ತೆವಳಿಬಿಡುವ ಅಪಾಯವಿದೆ.

ಇದನ್ನೆಲ್ಲ ಬೆಂಕಿ ಬೀಳುವ ಮೊದಲೇ ಗುರುತು ಹಾಕಿಡಬಹುದು. ಅಮೆರಿಕದ ಹಲವು ಊರುಗಳಲ್ಲಿ ಖಾಲಿ ಕಟ್ಟಡದ ಮುಂಭಾಗಕ್ಕೆ 24 ಇಂಚು ಚೌಕದ ಕೆಂಪು ಫಲಕ ಹೊಡೆಯುತ್ತಾರೆ. ಬಿಳಿ ಗೆರೆ ಒಂದಿದ್ದರೆ ಬಹಳ ಎಚ್ಚರದಿಂದ ಒಳಗೆ ಹೋಗಬಹುದು, ಎರಡು ಗೆರೆ ಕತ್ತರಿಯಂತೆ ದಾಟಿದ್ದರೆ ಜೀವ ಉಳಿಸಲಲ್ಲದೆ ಹೋಗಬೇಡಿ ಎಂದು. ಬಾಲ್ಟಿಮೋರ್‌ನಲ್ಲಿ 2022ರ ಜನವರಿ 24ರಂದು ಕುಸಿದು ಮೂವರು ಸಿಬ್ಬಂದಿಯನ್ನು ಬಲಿ ತೆಗೆದುಕೊಂಡ ಖಾಲಿ ಮನೆ 2015ರಲ್ಲೂ ಒಮ್ಮೆ ಸುಟ್ಟಿತ್ತು. ನಮ್ಮ ಊರುಗಳಲ್ಲೂ ಇಂಥ ಫಲಕ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಿಮ್ಮಿಂದ ಆಗುವ ಸಹಾಯವೂ ಇದೆ. 101 ಅಥವಾ 112ಕ್ಕೆ ಕರೆ ಮಾಡಿದ ಮೇಲೆ ಗಾಡಿ ಬರುವ ದಾರಿಯಲ್ಲಿ ನಿಂತಿರಿ, ಅಧಿಕಾರಿಗೆ ನಾಲ್ಕು ವಿಷಯ ಹೇಳಿ: ರಾತ್ರಿ ಅಲ್ಲಿ ಯಾರಾದರೂ ಮಲಗುತ್ತಾರೆಯೇ, ಕೊನೆಗೆ ಕಂಡದ್ದು ಯಾವಾಗ, ಸಂಪು, ಬಾವಿ ಎಲ್ಲಿವೆ, ಒಳಗೆ ಹೊಟ್ಟು, ಡೀಸೆಲ್, ಸಿಲಿಂಡರ್ ಏನಾದರೂ ಉಳಿದಿದೆಯೇ.